ಪರದೆಗೆ ಮುಖ ನೋಡಲು ಬರುವುದಿಲ್ಲ

ಮಂಡ್ಯದ ಕಾಲೇಜೊಂದರ ವಾಟ್ಸ್ಆ್ಯಪ್ ಗುಂಪಿನಿಂದ ಬಂದ ಒಂದು ಫೋಟೊ ನನ್ನ ಮೊಬೈಲಿನಲ್ಲಿ ಇನ್ನೂ ಇದೆ. ಅರ್ಥಶಾಸ್ತ್ರದ ನೋಟ್ಸ್. ಕೈಬರಹದ ಪುಟವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತೆಗೆದದ್ದು. ಎಡಗಡೆ ಹೆಬ್ಬೆರಳು, ಬಲಗಡೆ ಫೋನಿನದೇ ನೆರಳು, ಪುಟ ತುಸು ವಾಲಿದೆ. ಇಂಥ ಹದಿನಾಲ್ಕು ಫೋಟೊಗಳು ರಾತ್ರಿ ಹತ್ತೂ ಮುಕ್ಕಾಲಿಗೆ ಬಂದಿದ್ದವು. ಜೊತೆಗೆ ಒಂದೇ ಸಾಲು: ‘ನಾಳೆ ಟೆಸ್ಟ್, ನೋಡಿಕೊಳ್ಳಿ.’

ನನಗೆ ಅವನ್ನು ಕಳಿಸಿದವಳು ನಮ್ಮ ಬೀದಿಯ ಹುಡುಗಿ. ತನಗೆ ಡಿಸ್ಲೆಕ್ಸಿಯಾ, ಎಂದರೆ ಓದುವುದೇ ತೊಡಕಾಗುವ ಸ್ಥಿತಿ, ಇದೆ ಎಂದು ಅವಳಿಗೆ ತಿಳಿದದ್ದು ಪಿಯುಸಿ ಮುಗಿದ ಮೇಲೆ. ಅಲ್ಲಿಯವರೆಗೆ ‘ಬುದ್ಧಿ ಇದೆ, ಓದುವುದಿಲ್ಲ’ ಎಂಬ ಮಾತನ್ನೇ ಕೇಳಿಕೊಂಡು ಬೆಳೆದವಳು. ‘ಅಂಕಲ್, ಇದನ್ನು ಫೋನ್ ಓದಿ ಹೇಳುವ ಹಾಗೆ ಮಾಡಿಕೊಡುತ್ತೀರಾ?’ ಎಂದು ಕೇಳಿದ್ದಳು. ಆಗಲಿಲ್ಲ. ಫೋಟೊದಲ್ಲಿರುವ ಅಕ್ಷರ ಫೋನಿನ ಪಾಲಿಗೆ ಅಕ್ಷರವಲ್ಲ, ಬರೀ ಚಿತ್ರ. ಚಿತ್ರದಿಂದ ಅಕ್ಷರ ಹೆಕ್ಕುವ ತಂತ್ರಾಂಶಗಳು ಅಚ್ಚಿನ ಕನ್ನಡವನ್ನು ಒಂದು ಮಟ್ಟಿಗೆ ನಿಭಾಯಿಸಿದರೂ, ನೆರಳು ಬಿದ್ದ ಕೈಬರಹದ ಮುಂದೆ ಅವುಗಳ ಆಟ ನಡೆಯಲಿಲ್ಲ.

ಇದೇ ಪಾಠವನ್ನು ಇದೇ ಹುಡುಗಿ ತರಗತಿಯಲ್ಲಿ ಕೇಳಿದ್ದಳು, ಅರ್ಥವೂ ಆಗಿತ್ತು. ಏಕೆಂದರೆ ತರಗತಿಯಲ್ಲಿ ಒಂದು ಕೆಲಸ ಯಾರಿಗೂ ಗೊತ್ತಾಗದಂತೆ ನಡೆಯುತ್ತಿರುತ್ತದೆ. ಮುಂದಿನ ಬೆಂಚಿನವರ ಹುಬ್ಬು ಗಂಟಿಕ್ಕಿದ್ದನ್ನು ಕಂಡು ಮೇಷ್ಟ್ರು ಅದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತಾರೆ. ಕಿಟಕಿಯಾಚೆ ನೋಡುತ್ತಿರುವವನ ಹೆಸರು ಕೂಗುತ್ತಾರೆ. ಪಕ್ಕದವಳು ಪುಟ ಎಷ್ಟು ಎಂದು ಬೆರಳಿಟ್ಟು ತೋರಿಸುತ್ತಾಳೆ. ಪರದೆಗೆ ಮುಖ ನೋಡಲು ಬರುವುದಿಲ್ಲ. ತರಗತಿಯಲ್ಲಿ ಆ ಕ್ಷಣಕ್ಕೆ ಆಗುತ್ತಿದ್ದ ಈ ಸಣ್ಣ ತಿದ್ದುಪಡಿಗಳನ್ನೆಲ್ಲ ಡಿಜಿಟಲ್ ಕಲಿಕೆಯಲ್ಲಿ ಯಾರಾದರೂ ಮೊದಲೇ ಯೋಚಿಸಿ ಪಾಠದೊಳಗೆ ಇಟ್ಟಿರಬೇಕು. ಇಡದಿದ್ದರೆ ಮೊದಲು ಹೊರಬೀಳುವವರು ಇಂಥ ಹುಡುಗಿಯರು.

‘ನ್ಯೂರೋಡೈವರ್ಜೆಂಟ್’ ಎಂಬ ಪದಕ್ಕೆ ಕನ್ನಡದಲ್ಲಿ ನೆಲೆಯೂರಿದ ಸಮಾನ ಪದ ಇನ್ನೂ ಇಲ್ಲ. ‘ನರವೈವಿಧ್ಯ’ ಎಂಬುದು ಅಲ್ಲಲ್ಲಿ ಬಳಕೆಯಲ್ಲಿದೆ. ಎಲ್ಲರ ಮಿದುಳೂ ಒಂದೇ ರೀತಿ ಗಮನ ಕೊಡುವುದಿಲ್ಲ, ಒಂದೇ ರೀತಿ ಓದುವುದಿಲ್ಲ, ಸದ್ದು ಬೆಳಕನ್ನು ಒಂದೇ ಪ್ರಮಾಣದಲ್ಲಿ ತಾಳಿಕೊಳ್ಳುವುದಿಲ್ಲ ಎಂಬುದು ಅದರ ತಿರುಳು. ಜನರೊಡನೆ ಬೆರೆಯುವ, ಸುತ್ತಲನ್ನು ಗ್ರಹಿಸುವ ರೀತಿಯೇ ಬೇರೆಯಾಗಿರುವ ಆಟಿಸಂ, ಗಮನ ಹಿಡಿದಿಡುವುದು ತೊಡಕಾಗುವ ಎಡಿಎಚ್‌ಡಿ, ಡಿಸ್ಲೆಕ್ಸಿಯಾ, ಬರವಣಿಗೆ ತೊಡಕಾಗುವ ಡಿಸ್ಗ್ರಾಫಿಯಾ, ಲೆಕ್ಕ ತೊಡಕಾಗುವ ಡಿಸ್ಕ್ಯಾಲ್ಕುಲಿಯಾ ಇವೆಲ್ಲ ಈ ಕೊಡೆಯಡಿ ಬರುತ್ತವೆ. ನನಗೆ ಹಿಡಿಸಿದ ಸಂಗತಿ ಎಂದರೆ, 1990ರ ದಶಕದ ಕೊನೆಯಲ್ಲಿ ಈ ವಿಚಾರ ಮೊಳಕೆಯೊಡೆದದ್ದು ಬಹುಮಟ್ಟಿಗೆ ಅಂತರಜಾಲದಲ್ಲೇ. ಎದುರುಬದುರು ಕೂತು ಮಾತಾಡುವುದಕ್ಕಿಂತ ಬರೆದು ಮಾತಾಡುವುದು ಸಲೀಸು ಎಂದು ಕಂಡುಕೊಂಡ ಆಟಿಸಂ ಇರುವ ವಯಸ್ಕರು ಮಿಂಚಂಚೆಗಳಲ್ಲಿ ಚರ್ಚಿಸುತ್ತ ಅದನ್ನು ಬೆಳೆಸಿದರು. ಹಾಗಾಗಿ ಪರದೆಯನ್ನು ಶತ್ರುವೆಂದು ಬಗೆಯಲು ನಾನು ಸಿದ್ಧನಿಲ್ಲ.

ಮೈಸೂರಿನವರಿಗೆ ಇದು ದೂರದ ವಿಷಯವಾಗಬಾರದು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇಲ್ಲಿದೆ. ಮಾತು ತಡವಾದ ಮಗುವನ್ನು ಎತ್ತಿಕೊಂಡು ಮಳವಳ್ಳಿಯಿಂದಲೋ ಕೆ.ಆರ್. ಪೇಟೆಯಿಂದಲೋ ಬಸ್ಸು ಹತ್ತಿ ಬರುವ ತಾಯಂದಿರಿಗೆ ಅದರ ದಾರಿ ಗೊತ್ತು. ಆದರೆ ಆ ಮಗು ಬೆಳೆದು ಬಿ.ಎ. ತರಗತಿಯ ಆನ್‌ಲೈನ್ ಲಿಂಕ್ ಒತ್ತುವ ಹೊತ್ತಿಗೆ, ಸಂಸ್ಥೆಯಲ್ಲಿ ಕಲಿತ ಯಾವುದೂ ಲಿಂಕಿನ ಆಚೆ ಕಡೆ ಇರುವವರಿಗೆ ತಿಳಿದಿರುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಬೇಗ ಮುಗಿಸಿಬಿಡುತ್ತೇನೆ. 1995ರ ಕಾಯ್ದೆ ಗುರುತಿಸಿದ್ದ ಅಂಗವೈಕಲ್ಯಗಳು 7. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳು ಹೊಸ ಪಟ್ಟಿಯಲ್ಲಿವೆ, ಎಡಿಎಚ್‌ಡಿ ಹೆಸರು ಇಲ್ಲ. 17ನೇ ಸೆಕ್ಷನ್ನು ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ಮಾರ್ಪಾಡು, ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವವರ ನೆರವು ಕೊಡಬೇಕೆನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಆ್ಯಸಿಡ್ ದಾಳಿಗೊಳಗಾದವರು ಮತ್ತು ದೃಷ್ಟಿದೋಷವುಳ್ಳವರು ತಂದಿದ್ದ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಇಷ್ಟೆಲ್ಲ ಇದ್ದೂ ರಾತ್ರಿ ಹತ್ತೂ ಮುಕ್ಕಾಲಿನ ಫೋಟೊ ನಿಂತಿಲ್ಲ. ಕಾಯ್ದೆ ಓದಿ ಯಾರೂ ನೋಟ್ಸ್ ಕಳಿಸುವುದಿಲ್ಲವಲ್ಲ.

ಅದಕ್ಕೇ ಅಕ್ಷರದಿಂದಲೇ ಶುರು ಮಾಡೋಣ. ಡಿಸ್ಲೆಕ್ಸಿಯಾ ಕುರಿತ ಸಲಹೆಗಳಲ್ಲಿ ಬಹುಪಾಲು ಇಂಗ್ಲಿಷಿನ ಅನುಭವದಿಂದ ಬಂದವು. ‘ಬಿ’ ಮತ್ತು ‘ಡಿ’ ತಿರುವುಮುರುವಾಗುತ್ತವೆ ಎಂಬ ಉದಾಹರಣೆಯೇ ಎಲ್ಲೆಡೆ. ಕನ್ನಡದ ತೊಡಕು ಬೇರೆ. ನಮ್ಮಲ್ಲಿ ಬರೆದಂತೆ ಓದುತ್ತೇವೆ, ನಿಜ. ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಮಗು ಗುರುತಿಟ್ಟುಕೊಳ್ಳಬೇಕಾದ ಆಕಾರಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಅಕ್ಷರಜ್ಞಾನ ಕೈಗೂಡಲು ಒಂದೆರಡು ವರ್ಷ ಸಾಲದು, ಅದು ನಾಲ್ಕನೇ ತರಗತಿಯವರೆಗೂ ಹಬ್ಬುತ್ತದೆ ಎಂದು ತೋರಿಸಿತು. ಸಾಮಾನ್ಯ ಓದುಗರ ಕಥೆಯೇ ಹೀಗಿರುವಾಗ ಡಿಸ್ಲೆಕ್ಸಿಯಾ ಇರುವವರು ಕಾಲೇಜಿಗೆ ಬಂದ ಮೇಲೂ ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ, ಒತ್ತು ದೀರ್ಘಗಳಲ್ಲಿ ಎಡವುತ್ತಾರೆ. ತಪ್ಪಿಗಿಂತ ಹೆಚ್ಚಾಗಿ ಕಾಡುವುದು ನಿಧಾನ. ಓದುತ್ತಾರೆ, ಸರಿಯಾಗಿಯೇ ಓದುತ್ತಾರೆ, ಆದರೆ ಪುಟ ಮುಗಿಯುವ ಹೊತ್ತಿಗೆ ದಣಿದಿರುತ್ತಾರೆ.

ಈ ದಣಿವನ್ನು ಪರದೆ ಹೆಚ್ಚಿಸಬಹುದು, ತಗ್ಗಿಸಲೂಬಹುದು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಏತ್ವಗಳು ಮೇಲೇರುತ್ತವೆ. ಸಾಲುಗಳು ಒತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಜಾಲತಾಣಗಳ ಸುಲಭಬಳಕೆಗೆ ಜಗತ್ತೇ ಒಪ್ಪಿಕೊಂಡಿರುವ ‘ಡಬ್ಲ್ಯುಸಿಎಜಿ’ ಮಾರ್ಗಸೂಚಿಯು ಓದುಗರು ಸಾಲಿನ ಅಂತರವನ್ನು ಅಕ್ಷರಗಾತ್ರದ ಒಂದೂವರೆ ಪಟ್ಟಿಗೆ ಹಿಗ್ಗಿಸಿಕೊಂಡರೂ ಪುಟ ಕೆಡಬಾರದು ಎನ್ನುತ್ತದೆ. ಕನ್ನಡಕ್ಕೆ ಆ ಒಂದೂವರೆಯನ್ನು ಮೊದಲೇ ಕೊಟ್ಟುಬಿಡುವುದು ಒಳ್ಳೆಯದು. ಮುಖ್ಯವಾದ ಪದಕ್ಕೆ ಅಡಿಗೆರೆ ಎಳೆಯುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಆ ಗೆರೆ ಒತ್ತಕ್ಷರಗಳನ್ನು ಅಡ್ಡಡ್ಡ ಸೀಳಿಕೊಂಡು ಹೋಗುತ್ತದೆ. ದಪ್ಪ ಅಕ್ಷರ ಬಳಸಿದರೆ ಸಾಕು. ಎರಡೂ ಅಂಚು ಸಮನಾಗಿರಲಿ ಎಂದು ಸಾಲುಗಳನ್ನು ಎಳೆದು ಹೊಂದಿಸುವುದೂ ಬೇಡ. ‘ತೆಗೆದುಕೊಳ್ಳಬೇಕಾಗಿರುವುದರಿಂದ’ ಎಂಬಂಥ ಪದಗಳಿರುವ ಭಾಷೆಯಲ್ಲಿ ಅದು ಪದಗಳ ನಡುವೆ ಗುಂಡಿ ತೋಡುತ್ತದೆ. ಡಿಸ್ಲೆಕ್ಸಿಯಾಗೆಂದೇ ಮಾಡಿದ ವಿಶೇಷ ಫಾಂಟುಗಳ ಬಗ್ಗೆ ಜನ ಕೇಳುತ್ತಾರೆ. ಹೆಸರುವಾಸಿಯಾದವು ರೋಮನ್ ಲಿಪಿಯವು, ಅಲ್ಲಿಯೂ ಅವುಗಳಿಂದ ಓದು ಸುಧಾರಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಆ ಉತ್ಸಾಹವನ್ನು ಸಾಲಿನ ಅಂತರಕ್ಕೆ ಖರ್ಚು ಮಾಡಿದರೆ ಹೆಚ್ಚು ಲಾಭ.

ಇದಕ್ಕಿಂತ ದೊಡ್ಡ ಅಡ್ಡಿ ಕಣ್ಣಿಗೆ ಕಾಣಿಸದು. ನಮ್ಮ ಕಾಲೇಜು, ಕಚೇರಿಗಳ ಕಂಪ್ಯೂಟರುಗಳಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರು, ಫೋನುಗಳೂ ಒಪ್ಪಿಕೊಂಡಿರುವ ಅಕ್ಷರಸಂಕೇತ) ಅಲ್ಲದ ಹಳೆಯ ‘ನುಡಿ’ ಫಾಂಟುಗಳಲ್ಲಿ ಟೈಪಾದ ನೋಟ್ಸ್, ಪ್ರಶ್ನೆಪತ್ರಿಕೆಗಳು ರಾಶಿಬಿದ್ದಿವೆ. ನೋಡಲು ಅದು ಚೊಕ್ಕ ಕನ್ನಡ. ಒಳಗೆ ಕಂಪ್ಯೂಟರ್ ಉಳಿಸಿಕೊಂಡಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಫಾಂಟ್ ಅದಕ್ಕೆ ಕನ್ನಡದ ವೇಷ ತೊಡಿಸಿದೆ. ಫೋನಿಗೆ ಓದಲು ಹೇಳಿದರೆ ಅದು ವೇಷ ಕಳಚಿಟ್ಟು ಒಳಗಿನ ಕಲಸನ್ನು ಓದುತ್ತದೆ. ಒಂದು ಪ್ಯಾರಾ ನಕಲಿಸಿ ಮಿಂಚಂಚೆಯಲ್ಲಿ ಅಂಟಿಸಿ ನೋಡಿ. ಕನ್ನಡ ಬಂದರೆ ಯೂನಿಕೋಡ್, ಗೋಜಲು ಬಂದರೆ ಹಳೆಯ ಫಾಂಟ್. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಒಂದು ಮಧ್ಯಾಹ್ನದ ಕೆಲಸ. ಕನ್ನಡ ಮಾಧ್ಯಮದ ನೋಟ್ಸ್ ಮಟ್ಟಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಫಲ ಕೊಡುವ ಸುಧಾರಣೆ ನನಗಂತೂ ಕಂಡಿಲ್ಲ.

ಇನ್ನು ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹೌದು ಅಲ್ಲಗಳೂ ಕೊನೆಗೇ ಬರುತ್ತವೆ. ‘ನೋಂದಣಿ ಸಂಖ್ಯೆಯನ್ನು ನಮೂದಿಸಿ, ಉತ್ತರಗಳನ್ನು ಒಂದೇ ಪಿಡಿಎಫ್ ಆಗಿ ಪರಿವರ್ತಿಸಿ, ವಿಷಯದ ಸಂಕೇತವನ್ನು ಕಡತದ ಹೆಸರಾಗಿ ಕೊಟ್ಟು, ಶುಲ್ಕದ ರಸೀದಿಯೊಂದಿಗೆ ಲಗತ್ತಿಸಿದ ನಂತರವಷ್ಟೇ ಸಲ್ಲಿಸತಕ್ಕದ್ದು’ ಎಂಬ ಸೂಚನೆಯಲ್ಲಿ ಕೊನೆ ಮುಟ್ಟುವವರೆಗೆ ಎಲ್ಲವನ್ನೂ ತಲೆಯಲ್ಲಿ ಹೊತ್ತಿರಬೇಕು. ಎಡಿಎಚ್‌ಡಿ ಇರುವ ಬಹಳ ಜನರಿಗೆ ಹೀಗೆ ಹೊತ್ತುಕೊಳ್ಳುವುದೇ ಕಷ್ಟ. ಸಂಕೇತದ ಹತ್ತಿರ ಬರುವಾಗ ನೋಂದಣಿ ಸಂಖ್ಯೆ ಜಾರಿಹೋಗಿರುತ್ತದೆ. ಒಂದು ಕೆಲಸಕ್ಕೆ ಒಂದು ವಾಕ್ಯ, ಒಂದು ಸಾಲು, ಮುಂದೊಂದು ಅಂಕಿ ಇಟ್ಟರೆ ತೀರಿತು. ಪ್ರಶ್ನೆಗಳ ಗತಿಯೂ ಇದೇ. ‘ಕೆಳಗಿನವುಗಳಲ್ಲಿ ಬೇಡಿಕೆ ನಿಯಮಕ್ಕೆ ಅಪವಾದವಲ್ಲದಿರುವುದನ್ನು ಗುರುತಿಸಿ’ ಎಂದು ಕೇಳುವವರು ಅರ್ಥಶಾಸ್ತ್ರ ಪರೀಕ್ಷಿಸುತ್ತಿದ್ದಾರೋ ನಿಷೇಧಾರ್ಥಕವನ್ನೋ? ‘ಇವುಗಳಲ್ಲಿ ಮೂರು ಅಪವಾದಗಳು. ಒಂದು ಅಪವಾದವಲ್ಲ. ಅದು ಯಾವುದು?’ ಎಂದರೂ ಪ್ರಶ್ನೆಯ ಕಷ್ಟ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆಟಿಸಂ ಇರುವ ವಿದ್ಯಾರ್ಥಿಗೆ ‘ಆದಷ್ಟು ಬೇಗ ಕಳಿಸಿ’ ಎಂಬುದು ಸೂಚನೆಯೇ ಅಲ್ಲ. ಶುಕ್ರವಾರ ಸಂಜೆ 5 ಗಂಟೆ ಎಂದು ಬರೆಯಬೇಕು. ಆಮೇಲೆ ಅದನ್ನು ಬದಲಿಸಬಾರದು; ಬದಲಿಸಲೇಬೇಕಾದರೆ ಎಲ್ಲರೂ ನೋಡುವ ಒಂದೇ ಜಾಗದಲ್ಲಿ ಬದಲಿಸಬೇಕು. ಗುಂಪಿನಲ್ಲಿ ಒಂದು, ತರಗತಿಯ ಪುಟದಲ್ಲಿ ಇನ್ನೊಂದು, ಯಾರದೋ ಧ್ವನಿಸಂದೇಶದಲ್ಲಿ ಮತ್ತೊಂದು ಆದರೆ ಸುಸೂತ್ರ ತಲೆಯವರೂ ಕಂಗಾಲಾಗುತ್ತಾರೆ.

ದಸರೆಯ ಹತ್ತು ದಿನ ಸಯ್ಯಾಜಿರಾವ್ ರಸ್ತೆಯ ದೀಪಗಳನ್ನು ನೋಡುತ್ತ ನಡೆಯುವುದು ಚೆಂದ. ಅದರ ಕೆಳಗೆ ಕೂತು ಪುಸ್ತಕ ಓದಿ ಎಂದರೆ? ಕಲಿಕಾ ತಾಣಗಳು ಎಷ್ಟೋ ಸಲ ಅದನ್ನೇ ಹೇಳುತ್ತವೆ: ಮೂಲೆಯಲ್ಲಿ ಓಡುವ ಸುದ್ದಿಪಟ್ಟಿ, ತಾನಾಗಿಯೇ ಶುರುವಾಗುವ ವಿಡಿಯೊ, ಸರಿಯುತ್ತರಕ್ಕೆ ಸಿಡಿಯುವ ಬಣ್ಣದ ಕಾಗದ. ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ತಾನಾಗಿ ಚಲಿಸುವ ಯಾವುದನ್ನಾದರೂ ನಿಲ್ಲಿಸಲು ಗುಂಡಿ ಇರಬೇಕು ಎಂಬುದು ಡಬ್ಲ್ಯುಸಿಎಜಿ ಮಾರ್ಗಸೂಚಿಯ ತಳಮಟ್ಟದ ನಿಯಮ.

ಕಾಲದ ವಿಷಯ ಇನ್ನೂ ಸೂಕ್ಷ್ಮ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಲಿಖಿತ ಪರೀಕ್ಷೆಗಳಲ್ಲಿ ಅರ್ಹ ಅಂಗವಿಕಲ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕೊಡಬೇಕೆಂದಿತು. ಆದರೆ ಕಾಲೇಜಿನ ಆನ್‌ಲೈನ್ ಕಿರುಪರೀಕ್ಷೆಯಲ್ಲಿ ಎಲ್ಲರಿಗೂ ಪ್ರಶ್ನೆಗೆ ಮೂವತ್ತು ಸೆಕೆಂಡು, ಪರದೆಯ ಮೇಲೆ ಕೆಂಪಾಗುತ್ತ ಇಳಿಯುವ ಗಡಿಯಾರ. ‘ತಂತ್ರಾಂಶವೇ ಹಾಗಿದೆ’ ಎನ್ನುತ್ತಾರೆ. ಹಾಗಿಲ್ಲ. ಮೂಡಲ್‌ನಂಥ ಸಾಮಾನ್ಯ ಬಳಕೆಯ ತಂತ್ರಾಂಶದಲ್ಲಿ ಒಬ್ಬ ವಿದ್ಯಾರ್ಥಿಗೆ ಮಾತ್ರ ಬೇರೆ ಅವಧಿ ನಿಗದಿ ಮಾಡುವ ಸೌಲಭ್ಯ ಇದೆ, ಯಾರೂ ಆ ಪುಟ ತೆರೆದಿರುವುದಿಲ್ಲ ಅಷ್ಟೇ. ಅದಕ್ಕೂ ಮೊದಲು ಕೇಳಬೇಕಾದದ್ದು, ಈ ಪರೀಕ್ಷೆಯಲ್ಲಿ ವೇಗವನ್ನು ಅಳೆಯಬೇಕಿದೆಯೇ ಎಂಬುದು. ಬೇಡಿಕೆಯ ನಿಯಮ ಗೊತ್ತೋ ಇಲ್ಲವೋ ಎಂದು ತಿಳಿಯಲು ನಿಲುಗಡಿಯಾರ ಏಕೆ?

ನೇರ ತರಗತಿಯಲ್ಲಿ ಜಗಳ ಹತ್ತುವುದು ಕ್ಯಾಮೆರಾ ವಿಷಯಕ್ಕೆ. ಮುಖ ಕಾಣದಿದ್ದರೆ ಹಾಜರಾತಿ ಇಲ್ಲ ಎನ್ನುವ ಅಧ್ಯಾಪಕರ ಕಷ್ಟ ನನಗೂ ಗೊತ್ತು. ನಲವತ್ತು ಕಪ್ಪು ಚೌಕಗಳಿಗೆ ಪಾಠ ಹೇಳುವುದು ಗೋಡೆಗೆ ಹೇಳಿದಂತೆಯೇ. ಆದರೂ ಕ್ಯಾಮೆರಾ ಹಾಕಿ ಕೂತ ಆಟಿಸಂ ಇರುವ ಹುಡುಗ ಮುಖಭಾವ ಸರಿಯಾಗಿದೆಯೇ, ಕಣ್ಣು ಎಲ್ಲಿಟ್ಟಿರಬೇಕು ಎಂಬ ಲೆಕ್ಕದಲ್ಲೇ ಮುಳುಗಿರಬಹುದು, ಪಾಠಕ್ಕೆ ಉಳಿಯುವ ಗಮನ ಅಷ್ಟಕ್ಕಷ್ಟೆ. ಬರೆದು ಉತ್ತರಿಸುವುದನ್ನೂ ಹಾಜರಾತಿಯೆಂದು ಎಣಿಸಿದರೆ ಇಬ್ಬರ ಕೆಲಸವೂ ನಡೆಯುತ್ತದೆ. 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಸಮಾಜಶಾಸ್ತ್ರಜ್ಞರು, ಅವರೇ ಆಟಿಸಂ ಇರುವವರು, ಒಂದು ಮಾತು ಮುಂದಿಟ್ಟರು: ಆಟಿಸಂ ಇರುವವರಿಗೆ ಇತರರು ಅರ್ಥವಾಗದಿರುವಷ್ಟೇ ಇತರರಿಗೆ ಅವರೂ ಅರ್ಥವಾಗುವುದಿಲ್ಲ, ಸಂವಾದ ತಪ್ಪುವುದು ಎರಡೂ ದಿಕ್ಕಿನಲ್ಲಿ. ಕಪ್ಪು ಚೌಕ ಕಂಡಾಗ ನಾನು ಅದನ್ನು ನೆನೆಸಿಕೊಳ್ಳುತ್ತೇನೆ.

ಇಲ್ಲಿ ಒಂದು ಹಳೆಯ ಮೈಸೂರಿನ ನೆನಪು. ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಹುಟ್ಟುವ ಮೊದಲು ಮೈಸೂರು ವಿಶ್ವವಿದ್ಯಾಲಯದ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ ಇತ್ತು. ಪಾಠದ ಪುಸ್ತಿಕೆಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ‘ತೆರಪು’ ಎಂಥ ಒಳ್ಳೆಯ ಪದ! ಬಿಡುವಾದಾಗ ಓದು, ಒಂದೇ ಪುಟವನ್ನು ಐದು ಸಲ ಓದು, ಯಾರೂ ನೋಡುವುದಿಲ್ಲ. ಇಂದಿನ ಡಿಜಿಟಲ್ ತರಗತಿ ಅಂಚೆಯ ವೇಗ ಹೆಚ್ಚಿಸುವ ಭರದಲ್ಲಿ ತೆರಪನ್ನು ಕಳೆದುಕೊಂಡಿತು. ತರಗತಿಯ ಧ್ವನಿಮುದ್ರಣ, ಬರಹರೂಪದ ಸಾರಾಂಶ ಎರಡನ್ನೂ ಒಂದು ಕಡೆ ಇಟ್ಟರೆ ಅದು ಮರಳಿ ಸಿಗುತ್ತದೆ.

‘ಎಲ್ಲರಿಗೂ ಹೊಂದುವ ಒಂದು ವಿನ್ಯಾಸ ಹೇಳಿಬಿಡಿ’ ಎಂದು ಕೇಳುವವರಿದ್ದಾರೆ. ಅಂಥದ್ದಿಲ್ಲ, ಏಕೆಂದರೆ ಅಗತ್ಯಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಡಿಸ್ಲೆಕ್ಸಿಯಾ ಇರುವವಳಿಗೆ ಧ್ವನಿ ಬೇಕು. ಕೇಳಿದ್ದನ್ನು ಅರಗಿಸಿಕೊಳ್ಳಲು ಹೊತ್ತು ಹಿಡಿಯುವವನಿಗೆ ಬರಹ ಬೇಕು. ಒಬ್ಬನಿಗೆ ಬಿಳಿಯ ಪುಟ ಕಣ್ಣು ಕುಕ್ಕುತ್ತದೆ, ಇನ್ನೊಬ್ಬಳಿಗೆ ಕಪ್ಪು ಹಿನ್ನೆಲೆಯಲ್ಲಿ ಅಕ್ಷರ ತೇಲುತ್ತವೆ. ಅಮೆರಿಕದಲ್ಲಿ 1984ರಲ್ಲಿ ಆರಂಭವಾದ ‘ಕಾಸ್ಟ್’ ಎಂಬ ಸಂಸ್ಥೆ ರೂಪಿಸಿದ ಸಾರ್ವತ್ರಿಕ ಕಲಿಕಾ ವಿನ್ಯಾಸದ ತತ್ವ ಇಲ್ಲಿ ನೆರವಾಗುತ್ತದೆ: ಪಾಠದಲ್ಲಿ ತೊಡಗಲು, ಅದನ್ನು ಗ್ರಹಿಸಲು, ಕಲಿತದ್ದನ್ನು ತೋರಿಸಲು ಒಂದಕ್ಕಿಂತ ಹೆಚ್ಚು ದಾರಿ ಇಡಿ, ಆಯ್ಕೆಯನ್ನು ಕಲಿಯುವವರಿಗೆ ಬಿಡಿ. ಇದನ್ನು ‘ನೋಡಿ ಕಲಿಯುವ ಮಗು, ಕೇಳಿ ಕಲಿಯುವ ಮಗು’ ಎಂಬ ಜನಪ್ರಿಯ ವಿಂಗಡಣೆಯ ಜೊತೆ ಬೆರೆಸಬೇಡಿ. ಆ ವಿಂಗಡಣೆಯಂತೆ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ಮನಶ್ಶಾಸ್ತ್ರಜ್ಞರು 2008ರಲ್ಲೇ ಪರಿಶೀಲಿಸಿ ಹೇಳಿದ್ದಾರೆ. ನಮ್ಮ ಶಿಕ್ಷಕರ ತರಬೇತಿಗಳಲ್ಲಿ ಅದು ಇನ್ನೂ ಹಾಯಾಗಿ ಓಡಾಡಿಕೊಂಡಿದೆ.

ಈವರೆಗೆ ವಿದ್ಯಾರ್ಥಿಗಳ ಮಾತಾಯಿತು. ಪರದೆಯ ಈಚೆ ಕಡೆ ಕೂತವರ ಬಗ್ಗೆ ಯಾರೂ ಕೇಳುವುದಿಲ್ಲ. ಅಧ್ಯಾಪಕರಿಗೂ ಎಡಿಎಚ್‌ಡಿ ಇರಬಹುದು, ಆಟಿಸಂ ಇರಬಹುದು. ನಲವತ್ತು ದಾಟಿದವರ ಕಾಲದಲ್ಲಿ ಇವುಗಳ ಹೆಸರನ್ನೇ ನಮ್ಮಲ್ಲಿ ಹೆಚ್ಚಿನವರು ಕೇಳಿರಲಿಲ್ಲ, ‘ಮರೆಗುಳಿ’, ‘ಯಾರೊಂದಿಗೂ ಬೆರೆಯದವರು’ ಎಂಬ ಬಿರುದು ಹೊತ್ತೇ ಬಡ್ತಿ ಪಡೆದಿದ್ದಾರೆ. ಅಂಥವರ ಮುಂದೆ ಈಗ ಒಂದೇ ಹಾಜರಾತಿಯನ್ನು ಮೂರು ಕಡೆ ತುಂಬುವ ಕೆಲಸ, ಅರ್ಧ ತುಂಬುವಾಗ ಹೊರದಬ್ಬುವ ಪುಟ, ತಿರುಚಿದ ಅಕ್ಷರ ಗುರುತಿಸಿ ಎನ್ನುವ ಕ್ಯಾಪ್ಚಾ. ಅವಧಿ ಮುಗಿಯುವ ಮುನ್ನ ಎಚ್ಚರಿಸಿ, ಮುಂದುವರಿಸಲು ಕನಿಷ್ಠ 20 ಸೆಕೆಂಡು ಕೊಡಿ ಎಂದು ಡಬ್ಲ್ಯುಸಿಎಜಿ ಮಾರ್ಗಸೂಚಿ ಹೇಳುತ್ತದೆ. 2023ರ ಅಕ್ಟೋಬರಿನಲ್ಲಿ ಬಂದ ಅದರ 2.2ನೇ ಆವೃತ್ತಿ, ಒಮ್ಮೆ ಕೊಟ್ಟ ಮಾಹಿತಿಯನ್ನು ಅದೇ ಪ್ರಕ್ರಿಯೆಯಲ್ಲಿ ಮತ್ತೆ ಟೈಪಿಸಲು ಹೇಳಬೇಡಿ, ಒಳಬರಲು ನೆನಪಿನ ಪರೀಕ್ಷೆ ಒಡ್ಡಬೇಡಿ ಎಂದೂ ಸೇರಿಸಿತು. ನೌಕರರಿಗೆ ಇಂಥ ಅನುಕೂಲ ಕಲ್ಪಿಸುವುದು ಸರ್ಕಾರಿ ಸಂಸ್ಥೆಗಳ ಹೊಣೆಯೆಂದು 2016ರ ಕಾಯ್ದೆಯ 20ನೇ ಸೆಕ್ಷನ್ನಿನಲ್ಲಿದೆ. ಆದರೆ ಅದನ್ನು ಕೇಳಬೇಕಾದರೆ ‘ನನಗೆ ಹೀಗಿದೆ’ ಎಂದು ಸ್ಟಾಫ್ ರೂಮಿನಲ್ಲಿ ಬಾಯಿಬಿಡಬೇಕು. ಬಿಡುವುದಿಲ್ಲ.

ಆ ಹದಿನಾಲ್ಕು ಫೋಟೊ ತೆಗೆದ ಅಧ್ಯಾಪಕಿಯನ್ನು ನಾನು ಆಮೇಲೆ ಭೇಟಿಯಾದೆ. ಫೋಟೊ ಬದಲು ಟೈಪ್ ಮಾಡಿ ಕಳಿಸಿದರೆ ಒಳ್ಳೆಯದಲ್ಲವೇ ಎಂದು ಕೇಳಿದೆ, ಸ್ವಲ್ಪ ಬುದ್ಧಿ ಹೇಳುವ ದನಿಯಲ್ಲೇ. ಅವರು ಬಹಳ ಹೊತ್ತು ಸುಮ್ಮನಿದ್ದು, ಆ ನೋಟ್ಸ್ ತಾವು ಎಂ.ಎ. ಓದುವಾಗ ಬರೆದದ್ದು, ಅಕ್ಕ ಕೂತು ಒತ್ತು ದೀರ್ಘಗಳನ್ನೆಲ್ಲ ತಿದ್ದಿಕೊಟ್ಟದ್ದು ಎಂದರು. ಹೊಸದಾಗಿ ಒಂದು ಪುಟ ಟೈಪ್ ಮಾಡಿದರೆ ಅದರಲ್ಲಿ ಹತ್ತು ಕಾಗುಣಿತದ ತಪ್ಪು ಖಂಡಿತ. ಯಾವುದು ತಪ್ಪೆಂದು ತಮಗೇ ಕಾಣುವುದಿಲ್ಲ. ವರ್ಷ ವರ್ಷವೂ ಅದೇ ನೋಟ್ ಬುಕ್ಕಿನ ಫೋಟೊ ಹೋಗುತ್ತಿದ್ದುದು ಅದಕ್ಕೆ. ರಾತ್ರಿ ಹತ್ತೂ ಮುಕ್ಕಾಲು ಏಕೆಂದರೆ ಕಳಿಸಲೋ ಬೇಡವೋ ಎಂದು ಅಷ್ಟು ಹೊತ್ತು ಅಳುಕುತ್ತಿದ್ದರು.

ಈಗ ಅವರು ನೋಟ್ಸನ್ನು ಫೋನಿಗೆ ಕನ್ನಡದಲ್ಲೇ ಓದಿ ಹೇಳುತ್ತಾರೆ, ಫೋನ್ ಟೈಪ್ ಮಾಡಿಕೊಳ್ಳುತ್ತದೆ. ನಮ್ಮ ಬೀದಿಯ ಹುಡುಗಿಯ ಫೋನ್ ಅದನ್ನು ಅವಳಿಗೆ ಓದಿ ಹೇಳುತ್ತದೆ. ಧ್ವನಿ ಟೈಪಿಂಗ್ ‘ಸೀಮಾಂತ ತುಷ್ಟಿಗುಣ’ವನ್ನು ಎರಡು ಸಲ ಏನೇನೋ ಮಾಡಿತ್ತು. ತರಗತಿಯವರು ಗುಂಪಿನಲ್ಲೇ ತಿದ್ದಿದರು. ಸಮಯ ಮಾತ್ರ ಇನ್ನೂ ಪೂರ್ತಿ ಸುಧಾರಿಸಿಲ್ಲ. ಕಳೆದ ವಾರದ ನೋಟ್ಸ್ ಬಂದದ್ದು ರಾತ್ರಿ ಒಂಬತ್ತೂವರೆಗೆ.